ಮೊದಲ ಸಹಿ ಯಾವ ಪೈಲ್ವಾನರದು?

ಹೋದ ತಿಂಗಳು ಬೈಲಹೊಂಗಲದ ಬಜಾರಿನಲ್ಲಿ, ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ನಿಂತು ನಾನು ಕೂಗಿದ ಕೂಗಿಗೆ ಪಕ್ಕದ ಬಳೆ ಅಂಗಡಿಯ ಹೆಂಗಸರು ಹಾವು ಬಂತೆಂದು ತಿಳಿದು ಕಟ್ಟೆ ಹತ್ತಿಬಿಟ್ಟರು. ಹಾವೂ ಇರಲಿಲ್ಲ, ಹಲ್ಲಿಯೂ ಇರಲಿಲ್ಲ. ಇದ್ದದ್ದು ಒಂದು ಕಾಗದ. ನಮ್ಮ ಅತ್ತೆಯವರ ಕಾಲದ ದೇವರ ಫೋಟೋದ ಗಾಜು ಒಡೆದಿತ್ತು, ಹೊಸದು ಹಾಕಿಸಲು ಕೊಟ್ಟಿದ್ದೆ. ಅಂಗಡಿಯವನು ಹಿಂದಿನ ರಟ್ಟು ಕೀಳುತ್ತಲೇ, ದೇವರಿಗೂ ರಟ್ಟಿಗೂ ನಡುವೆ ಇಷ್ಟು ವರ್ಷ ಮಡಚಿಕೊಂಡು ಮಲಗಿದ್ದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲೊಂದು ನನ್ನ ಕಾಲ ಮೇಲೆ ಬಿತ್ತು. ಬಿಚ್ಚಿದೆ. "ಜಂಗೀ ನಿಕಾಲಿ ಕುಸ್ತಿಗಳು" ಎಂದು ಗೇಣುದ್ದದ ಅಕ್ಷರ. ಅದರ ಕೆಳಗೆ ಮಡಿಕೆಯ ಎಡಕ್ಕೊಬ್ಬ, ಬಲಕ್ಕೊಬ್ಬ, ಎದೆಯುಬ್ಬಿಸಿ ನಿಂತ ಇಬ್ಬರು ತರುಣರ ಫೋಟೋ. ದೊಡವಾಡದ ಮೌಲಾಸಾಬ ಪೈಲ್ವಾನ. ಸವದತ್ತಿಯ ಯಲ್ಲಪ್ಪ ಪೈಲ್ವಾನ. ಈ ಎರಡು ಹೆಸರು ಓದಿದ ಮೇಲೆ ಕೂಗದೇ ಇರಲು ನಾನೇನು ಕಲ್ಲೇ?

"ರೈಟರ ಸಾಹೇಬ್ರ, ಅದು ರದ್ದಿ ಐತ್ರಿ. ಒಗೀಲೇನು?" ಎಂದ ಅಂಗಡಿಯವನು.

"ಮುಟ್ಟೀ ನೋಡು ಅದನ್ನ!" ಎಂದು ಹೇಳಿ, ಕಾಗದವನ್ನು ಎದೆಗವಚಿಕೊಂಡು ಮನೆಗೆ ಓಡಿದೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಶಾಂತಾ ನನ್ನ ಎರಡೂ ಕೈ ನೋಡಿ, "ದೇವರೆಲ್ರಿ?" ಎಂದಳು. ದೇವರು ಅಂಗಡಿಯಲ್ಲೇ ಉಳಿದಿದ್ದ. ಎರಡು ದಿನ ಬಿಟ್ಟು ಆಕೆಯೇ ಹೋಗಿ ತಂದಳು.

ನಾನು ಯಾರೆಂದು ಹೇಳದೆ ಕುಣಿಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಬಾಂಡ್ ರೈಟರ್. ನೋಂದಣಿ ಕಚೇರಿಯ ಎದುರಿನ ತಗಡಿನ ಶೆಡ್ಡಿನಲ್ಲಿ ಕೂತು ಮೂವತ್ತು ವರ್ಷದಿಂದ ಖರೀದಿ ಪತ್ರ, ಅಣ್ಣತಮ್ಮಂದಿರು ಪಾಲಾಗುವ ವಾಟ್ನಿ ಪತ್ರ ಬರೆಯುತ್ತಿದ್ದೇನೆ. ಬರೆಯುವುದಕ್ಕಿಂತ ಹೆಚ್ಚಾಗಿ ಸಹಿ ಮಾಡಿಸುತ್ತೇನೆ. ಇಲ್ಲೊಂದು ಹಾಕ್ರಿ, ಇಲ್ಲೊಂದು ಹಾಕ್ರಿ, ಹಾಳಿ ತಿರುವಿ ಹಾಕ್ರಿ ಎನ್ನುವುದರಲ್ಲಿಯೇ ನನ್ನ ಆಯುಷ್ಯ ಕಳೆದಿದೆ. ಇಷ್ಟು ಸಹಿ ನೋಡಿದವನಿಗೆ ರವಿವಾರವಾದರೂ ಅದು ಸಾಕೆನಿಸಬೇಕಿತ್ತು. ಆದರೆ ರವಿವಾರ ಬಂತೆಂದರೆ ನಾನು ಸ್ಕೂಟರು ಏರಿ ಹಳೆಯ ಆಟಗಾರರ ಸಹಿ ಬೇಡಲು ಹೊರಡುತ್ತೇನೆ. ಶಾಂತಾ ಇದಕ್ಕೆ ಒಂದು ಮಾತು ಇಟ್ಟುಕೊಂಡಿದ್ದಾಳೆ: "ಆರು ದಿನ ಹೊಲದ ಸಹಿ, ಏಳನೇ ದಿನ ಆಟದ ಸಹಿ. ನನ್ನ ಸಹಿ ಹ್ಯಾಂಗೈತಿ ಅಂತ ಒಂದರ ದಿನ ನೋಡೀರೇನು?"

ಟೀವಿಯಲ್ಲಿ ಕಾಣುವವರ ಸಹಿ ನನಗೆ ಬೇಡ. ಅವರಿಗೆ ಕೇಳುವವರು ಬೇಕಾದಷ್ಟಿದ್ದಾರೆ. ನನಗೆ ಬೇಕಾದವರು ನಮ್ಮ ನಾಲ್ಕು ತಾಲೂಕಿನಲ್ಲಿ ಒಂದು ಕಾಲಕ್ಕೆ ಮೆರೆದು, ಈಗ ತಮ್ಮ ಪಾಡಿಗೆ ತಾವಿರುವವರು. ಕಿತ್ತೂರಿನ ಹೆದ್ದಾರಿಯಲ್ಲಿ ಪಂಚರ್ ಅಂಗಡಿ ಇಟ್ಟಿರುವ ಒಬ್ಬರಿದ್ದಾರೆ. ಅವರು ವಾಲಿಬಾಲ್ ಹೊಡೆದರೆ ಎದುರಿನವರು ಅಂಗಳ ಬಿಟ್ಟು ಸರಿಯುತ್ತಿದ್ದರಂತೆ. ಅವರ ಸಹಿಯ ಸುತ್ತ ಗ್ರೀಸಿನ ಐದೂ ಬೆರಳಿವೆ. ರಾಮದುರ್ಗದ ಹಿಟ್ಟಿನ ಗಿರಣಿಯ ಅಕ್ಕ ಖೋ ಖೋ ಆಟದಲ್ಲಿ ಯಾರ ಕೈಗೂ ಸಿಗದ ಮಿಂಚು. ಪುಸ್ತಕ ಮುಂದೆ ಹಿಡಿದರೆ ಆಕೆ, "ಯಪ್ಪಾ, ನನ್ನ ಸಹಿ ರೇಷನ್ ಅಂಗಡ್ಯಾಂವ ಬಿಟ್ರ ಯಾರೂ ಕೇಳಿಲ್ರಿ!" ಎಂದು ನಕ್ಕು ನಕ್ಕು ಹಿಟ್ಟೆಲ್ಲ ಚೆಲ್ಲಿದರು. ಆ ಹಾಳೆಯ ಮೇಲೆ ಈಗಲೂ ಒಂದಿಷ್ಟು ಜೋಳದ ಹಿಟ್ಟಿದೆ, ಒರೆಸಿಲ್ಲ. ದೇಗಾಂವದಲ್ಲಿ ಎತ್ತಿನ ಗಾಡಿ ಶರ್ಯತ್ತಿನ ಹಳೆಯ ಹುಲಿಯೊಬ್ಬರ ಹತ್ತಿರ ಹೋದಾಗಲಂತೂ ಫಜೀತಿ. "ಓಡಿದ್ದು ಎತ್ತು. ಸಹಿ ನಂದ್ಯಾಕ?" ಎಂದು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಆ ಎತ್ತಿನ ಮೊಮ್ಮಗನ ಕಾಲೆತ್ತಿ ಹಿಡಿದರು. ನನ್ನ ಸ್ಟ್ಯಾಂಪ್ ಪ್ಯಾಡು ಗೊರಸಿಗೆ ಸಾಲಲಿಲ್ಲ. ಎತ್ತು ಒದ್ದದ್ದು ಮಾತ್ರ ನನಗೆ ಸರಿಯಾಗಿ ಸಾಕಾಯಿತು.

ಈ ಹುಚ್ಚು ಹತ್ತಿದ್ದು ಎರಡನೇ ಇಯತ್ತೆಯಲ್ಲಿ. ನಮ್ಮ ಸಾಲೆಯ ಮೈದಾನಕ್ಕೆ ಕಬಡ್ಡಿ ಆಡಲು ಬಂದಿದ್ದ ಆಟಗಾರರೊಬ್ಬರು ನಾನು ಹಿಡಿದ ಪಾಟಿಯ ಮೇಲೆ ಬಳಪದಿಂದ ಸಹಿ ಮಾಡಿದ್ದರು. ನನ್ನ ಹತ್ತಿರ ಬೇರೇನೂ ಇರಲಿಲ್ಲ, ಪಾಟಿಯೇ ಇತ್ತು. ಮರುದಿನ ಮಾಸ್ತರರು ಕಾಗುಣಿತ ಬರೆ ಎಂದರು. ಬರೆಯಲಿಲ್ಲ. ಛಡಿ ಏಟು ಬಿತ್ತು. ಆಗಲೂ ಬರೆಯಲಿಲ್ಲ. ಪಾಟಿಯನ್ನು ಅಂಗಿಯೊಳಗೆ ಮುಚ್ಚಿಕೊಂಡು ಅಳುತ್ತ ಕೂತೆ. ಸಂಜೆ ಮನೆಗೆ ಹೋಗಿ ನೋಡಿದರೆ ಸಹಿಯೆಲ್ಲ ನನ್ನ ಬೆವತ ಹೊಟ್ಟೆಗೆ ಹತ್ತಿತ್ತು. ಅವ್ವ ಸ್ನಾನ ಮಾಡಿಸಲು ಬಂದರೆ ಎರಡು ದಿನ ಕೈಗೆ ಸಿಗದೆ ಓಡಾಡಿದೆ.

ಈಗ ಕುಸ್ತಿಗೆ ಬರೋಣ. ನಿಕಾಲಿ ಕುಸ್ತಿ ಎಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಆಡುವ ಕುಸ್ತಿ, ನಡುವೆ ಬಿಡುವಂತಿಲ್ಲ. ಮೌಲಾಸಾಬ ಮತ್ತು ಯಲ್ಲಪ್ಪನವರ ಜೋಡಿ ಬೈಲಹೊಂಗಲದ ಕಣಕ್ಕೆ ಇಳಿದಾಗ ನನಗೆ ಎಂಟು ವರ್ಷ. ಅಪ್ಪನ ಹೆಗಲ ಮೇಲಿದ್ದೆ. ಹಲಗೆಯ ಸದ್ದು ಇವತ್ತಿಗೂ ಎದೆಯಲ್ಲಿದೆ. ಒಂದು ತಾಸು ದಾಟಿತು, ಹೊತ್ತು ಮುಳುಗಿತು, ಯಾರ ಬೆನ್ನೂ ಮಣ್ಣು ಕಾಣಲಿಲ್ಲ. ಕಡೆಗೆ ಪಂಚರು ಒಳಗೆ ಬಂದು ಬಿಡಿಸಿ, ಬರಾಬರಿ ಎಂದು ಸಾರಿದರು. ಮುಂದಿನ ವರ್ಷ ಇದೇ ಜೋಡಿ ಮತ್ತೆ ಎಂದು ಹೇಳಿದ್ದರು. ಅಷ್ಟರಲ್ಲಿ ಯಲ್ಲಪ್ಪನವರ ಮಂಡಿ ತಿರುಗಿತು. ಆ ಇಬ್ಬರೂ ಮತ್ತೆ ಎದುರಾಗಲೇ ಇಲ್ಲ.

ಆ ಜೋಡಿಯ ಒಂದೇ ಕಾಗದದ ಮೇಲೆ ಇಬ್ಬರ ಸಹಿ! ಇದಕ್ಕಿಂತ ದೊಡ್ಡದು ನನ್ನ ಪುಸ್ತಕಕ್ಕೆ ಬರಲಾರದು. ಇಬ್ಬರಿಗೂ ಎಪ್ಪತ್ತೈದು ದಾಟಿದೆ. ಕಾಗದವೋ ಹಪ್ಪಳದ ಹಾಗೆ ಒಣಗಿದೆ. ಮುಂದಿನ ವರ್ಷಕ್ಕೆಂದು ತಡೆಯುವ ಕೆಲಸ ಇದಲ್ಲ. ಆ ರವಿವಾರ ನಾಷ್ಟಾ ಕೂಡ ಮಾಡದೆ ದೊಡವಾಡಕ್ಕೆ ಹೊರಟೆ.

ಮೌಲಾಸಾಬರ ಮನೆಯ ಬಾಗಿಲು ತೆರೆದದ್ದು ಅವರ ಸೊಸೆ ಹಸೀನಾ. ನನ್ನ ಮುಖ ನೋಡಿದ್ದೇ ಆಕೆಯ ಮುಖ ಬಿಗಿಯಿತು. ಆ ಓಣಿಯ ಎರಡು ಮನೆಗಳ ವಾಟ್ನಿ ಪತ್ರ ಬರೆದವನು ನಾನೇ, ಆ ಎರಡು ಮನೆಯವರೂ ಇವತ್ತಿಗೂ ಒಬ್ಬರಿಗೊಬ್ಬರು ಮಾತಾಡುವುದಿಲ್ಲ.

"ಮಾಂವಾರ ಸಹಿ ಬೇಕಾಗಿತ್ತು, ತಂಗಿ" ಎಂದೆ. ಹೀಗೆ ಶುರು ಮಾಡಬಾರದಿತ್ತು.

"ಯಾ ಹೊಲದ್ದರಿ? ಯಾರ ಕಳಿಸ್ಯಾರ ನಿಮ್ಮನ್ನ?"

"ಹೊಲದ್ದಲ್ಲವಾ. ಕುಸ್ತೀದು."

"ಬಾಂಡ್ ರೈಟರ್ ಕುಸ್ತಿ ಕಾಗದ ತರ್ತಾನಂತ! ತೋರಸ್ರಿ ಇಲ್ಲಿ." ಆಕೆ ಕಾಗದ ನೋಡಿ ಬೆರಳಿಟ್ಟಳು. "ಮತ್ತ ಇಲ್ಲಿ ಪೆನ್ಸಿಲಿಲೆ ಗುರ್ತ ಯಾಕ ಮಾಡೀರಿ?"

ಹೌದು, ಮಾಡಿದ್ದೆ. ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಗುಣಾಕಾರದ ಗುರುತು ಹಾಕದೆ ನನ್ನ ಕೈಯಿಂದ ಒಂದು ಕಾಗದವೂ ಮುಂದೆ ಹೋಗುವುದಿಲ್ಲ. ಇಬ್ಬರು ಪೈಲ್ವಾನರ ಫೋಟೋದ ಕೆಳಗೂ ನೀಟಾಗಿ ಒಂದೊಂದು ಗುಣಾಕಾರ. ಹಸೀನಾಳ ದೃಷ್ಟಿಯಲ್ಲಿ ಹೊಲ ಆಗಲೇ ಹೋದಂತೆಯೇ ಆಗಿತ್ತು.

"ಏನ ಬರದೈತಿ, ಜೋರಾಗಿ ಓದ್ರಿ ಹಂಗಾರ" ಎಂದಳು.

ಓದಿದೆ. ಮೊದಲು ಮೆಲ್ಲಗೆ ಓದುತ್ತಿದ್ದವನಿಗೆ "ದೊಡವಾಡದ ಮೌಲಾಸಾಬ ಪೈಲ್ವಾನ" ಎಂಬಲ್ಲಿಗೆ ಬಂದಾಗ ನನಗೇ ಗೊತ್ತಿಲ್ಲದೆ ಕಣದಲ್ಲಿ ಕೂಗಿ ಕರೆಯುವವರ ಗತ್ತು ಬಂತು. ಒಳಗಿನ ಖೋಲಿಯಲ್ಲಿ ಏನೋ ಬಿದ್ದ ಸದ್ದಾಯಿತು. ಬಾಗಿಲ ಚೌಕಟ್ಟು ತುಂಬಿಕೊಂಡು ಮೌಲಾಸಾಬರು ಹೊರಗೆ ಬಂದರು. ತಲೆ ಹಣ್ಣಾಗಿತ್ತು, ಬಲಗೈ ಸಣ್ಣಗೆ ನಡುಗುತ್ತಿತ್ತು, ಭುಜ ಮಾತ್ರ ಫೋಟೋದ್ದೇ.

"ಇನ್ನೊಮ್ಮೆ ಓದ್ರಿ" ಎಂದರು.

ಮೂರು ಸಲ ಓದಿಸಿದರು. ಕಣ್ಣಲ್ಲಿ ನೀರು ಬಂದದ್ದು ಅವರಿಗೋ ನನಗೋ, ಇಬ್ಬರಿಗೂ ಇರಬೇಕು. ಇನ್ನೇನು ಆಯಿತು ಎಂದುಕೊಂಡು ಪೆನ್ನಿನ ಟೊಪ್ಪಿಗೆ ತೆಗೆದು ಮುಂದೆ ಹಿಡಿದೆ. ಅವರು ಕೈ ಹಿಂದೆ ಎಳೆದುಕೊಂಡರು.

"ಯಲ್ಲಪ್ಪ ಮಾಡ್ಯಾನೇನು?"

"ಇನ್ನ ಇಲ್ಲರಿ. ಮೊದಲ ನಿಮ್ಮ ಕಡೆ ಬಂದೇನಿ."

"ಹಂಗಾದ್ರ ನಾ ಮಾಡಂಗಿಲ್ಲ. ಕಣಕ್ಕ ಇಳದ ಮ್ಯಾಲ ಸಣ್ಣಾಂವ ಮೊದಲ ಮಣ್ಣ ತಗೊಂಡು ಕೈ ಕೊಡಬೇಕು, ದೊಡ್ಡಾಂವ ಆಮ್ಯಾಲ. ನಮ್ಮ ವಸ್ತಾದ ಕಲಿಸಿದ್ದು ಅದು. ಆವತ್ತ ಯಲ್ಲಪ್ಪ ಮೊದಲ ಕೈ ಕೊಟ್ಟಾನ. ಸಹೀನೂ ಅಂವನ ಮೊದಲ ಮಾಡಲಿ."

ಮುಂದಿನ ರವಿವಾರ ಸವದತ್ತಿ. ಯಲ್ಲಪ್ಪನವರು ಗರಡಿಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕಾಗದ ನೋಡಿ ಎದ್ದು ನಿಂತರು, ಕೂತರು, ಮತ್ತೆ ಎದ್ದರು. "ನೋಡ್ರಿ ನನ್ನ ಎದಿ! ನೋಡ್ರಿ!" ಎಂದು ಹೋಗಿ ಬರುವವರಿಗೆಲ್ಲ ತೋರಿಸಿದರು. ಪೆನ್ನು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಮೌಲಾನ ಸಹಿ ಎಲ್ಲೈತಿ? ಮೊದಲ ಕೈ ಕೊಟ್ಟಾಂವ ಅಂವ. ಸಣ್ಣಾಂವ ಅಂವ. ಅಂವಂದ ಆಗದ ನಂದ ಆಗಂಗಿಲ್ಲ."

ನೋಡಿ, ಗೆದ್ದವರು ಯಾರು ಸೋತವರು ಯಾರು ಎಂಬ ಜಗಳವೇ ಅಲ್ಲ ಇದು. ಬರಾಬರಿ ಎಂದರೆ ಬರಾಬರಿ, ಅದನ್ನು ಇಬ್ಬರೂ ಒಪ್ಪಿದ್ದಾರೆ. ಮೊದಲು ಕೈ ಚಾಚಿದ್ದು ಯಾರು ಎಂಬುದು ಐವತ್ತು ವರ್ಷದಿಂದ ತೀರಿಲ್ಲ. ಇದನ್ನು ಕಾಗದ ಪತ್ರದಿಂದಲೇ ತೀರಿಸುತ್ತೇನೆ ಎಂಬ ಹುಮ್ಮಸ್ಸು ನನಗೆ ಬಂತು. ದಿನಾ ಹತ್ತಾರು ಆಧಾರ್ ಕಾರ್ಡು ನೋಡುವವನಲ್ಲವೇ ನಾನು? ಇಬ್ಬರ ಕಾರ್ಡೂ ತೆಗೆಸಿದೆ. ವಯಸ್ಸಿನಲ್ಲಿ ಚಿಕ್ಕವರು ಯಾರೋ ಅವರು ಮೊದಲು ಸಹಿ ಮಾಡಲಿ, ಮುಗಿಯಿತು. ಮೌಲಾಸಾಬರ ಕಾರ್ಡಿನಲ್ಲಿ ಜನವರಿ ಒಂದು. ಯಲ್ಲಪ್ಪನವರ ಕಾರ್ಡಿನಲ್ಲೂ ಜನವರಿ ಒಂದು. ಇಸವಿಯೂ ಒಂದೇ! ಹುಟ್ಟಿದ ದಿನ ಗೊತ್ತಿಲ್ಲದ ನಮ್ಮ ಹಿರಿಯರೆಲ್ಲ ಒಂದೇ ದಿನ ಹುಟ್ಟಿದವರೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೂ ಇಸವಿಯಾದರೂ ಬೇರೆ ಇರಬಾರದಿತ್ತೇ ಎಂದು ಮೊದಲ ಸಲ ಸಿಟ್ಟು ಬಂತು.

ಒಂದು ಸಣ್ಣ ಪಾಪವನ್ನೂ ಹೇಳಿಬಿಡುತ್ತೇನೆ. ಮೌಲಾಸಾಬರ ಸಹಿ ಹೇಗಿರುತ್ತದೆಂದು ಅವರ ರೇಷನ್ ಕಾರ್ಡಿನಲ್ಲಿ ನೋಡಿದ್ದೆ. ಅದನ್ನು ನಾನೇ ಮಾಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಶೆಡ್ಡಿನಲ್ಲಿ ಕೂತು ರದ್ದಿ ಹಾಳೆಯ ಮೇಲೆ ಒಮ್ಮೆ ಮಾಡಿಯೂ ನೋಡಿದೆ. ಥೇಟ್ ಬಂತು. ಆ ಹಾಳೆಯನ್ನು ಹರಿದು ಚೂರು ಚೂರು ಮಾಡಿ ಚಹಾ ಅಂಗಡಿಯ ಒಲೆಗೆ ಹಾಕಿ ಬಂದೆ. ಆದರೆ ಅದಕ್ಕಿಂತ ಕಡಿಮೆಯ ಪಾಪವೊಂದು ಕೈಯಲ್ಲಿತ್ತಲ್ಲ, ಅದನ್ನು ಬಿಡಲಿಲ್ಲ. ಯಲ್ಲಪ್ಪನವರಿಗೆ ಫೋನು ಮಾಡಿ, "ನೀವು ದೊಡವಾಡಕ್ಕ ಬಂದ್ರ ಮೌಲಾಸಾಬ್ರು ಮೊದಲ ಸಹಿ ಮಾಡ್ತಾರಂತ್ರಿ" ಎಂದೆ. ಮೌಲಾಸಾಬರಿಗೆ ಫೋನು ಮಾಡಿ, "ಯಲ್ಲಪ್ಪನವರು ಮೊದಲ ಸಹಿ ಮಾಡಾಕಂತನ ನಿಮ್ಮ ಮನಿಗೆ ಬರಾಕತ್ತಾರ್ರಿ" ಎಂದೆ. ಎದುರಾಬದುರು ಕೂತ ಮೇಲೆ ಹೇಗೋ ಆದೀತು ಎಂಬ ಧೈರ್ಯ.

ಯಲ್ಲಪ್ಪನವರು ಸವದತ್ತಿಯಿಂದ ಬಸ್ಸಿಗೆ ಬೈಲಹೊಂಗಲಕ್ಕೆ ಬಂದಿಳಿದರು. ಹೊಸ ಪಟಗಾ ಸುತ್ತಿದ್ದರು. ಅವರು ಹಿಂದೆ ಕೂತ ಕೂಡಲೇ ನನ್ನ ಸ್ಕೂಟರಿನ ಮುಂದಿನ ಗಾಲಿ ನೆಲ ಬಿಡುವುದೋ ಬೇಡವೋ ಎಂದು ವಿಚಾರ ಮಾಡಿತು. ದಾರಿಯುದ್ದಕ್ಕೂ ಅವರು ನನ್ನ ಕಿವಿಯಲ್ಲಿ ಪಟ್ಟುಗಳ ಹೆಸರು ಹೇಳುತ್ತಲೇ ಇದ್ದರು. ಮರೆತ ಕಡೆ ನನ್ನ ಕುತ್ತಿಗೆಗೇ ಕೈ ಹಾಕಿ ನೆನಪು ಮಾಡಿಕೊಂಡರು. ದೊಡವಾಡ ಬರುವಷ್ಟರಲ್ಲಿ ನಾನು ನಾಲ್ಕು ಸಲ ಚಿತ್ ಆಗಿದ್ದೆ.

ಮೌಲಾಸಾಬರ ಅಂಗಳದಲ್ಲಿ ಹೊರಸು ಹಾಕಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿನಿಂದ ಕೆಳಗಿನ ತನಕ ನೋಡಿದರು. ಹಸೀನಾ ಚಹಾ ತಂದಳು. "ನೀವ ತಗೋರಿ." "ಇಲ್ಲ, ಮೊದಲ ನೀವ ತಗೋರಿ." ಚಹಾದ ಮೇಲೆ ಕೆನೆ ಕಟ್ಟಿತು. ನಾನು ಹ್ಯಾಂಡ್‌ಬಿಲ್ಲನ್ನು ಹೊರಸಿನ ಮೇಲೆ ಬಿಡಿಸಿ, ನಡುವೆ ಪೆನ್ನಿಟ್ಟು ಹಿಂದೆ ಸರಿದೆ.

"ಮಾಡಪಾ, ಬಂದೀಯಲ್ಲ" ಎಂದರು ಮೌಲಾಸಾಬರು.

"ನೀ ಮಾಡ್ತೀ ಅಂತ ಹೇಳೀದಿ, ಅದಕ್ಕ ಬಂದೇನಿ" ಎಂದರು ಯಲ್ಲಪ್ಪ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಅಂಥ ಎರಡು ಜೋಡಿ ಭುಜ ಒಂದೇ ಸಲ ನನ್ನ ಕಡೆ ತಿರುಗಿದ್ದು ನನ್ನ ಜನ್ಮದಲ್ಲೇ ಮೊದಲು. ಕೈ ಮುಗಿದು ಎಲ್ಲ ಒಪ್ಪಿಕೊಂಡೆ. "ತಪ್ಪಾತ್ರಿ. ಸಣ್ಣಾಂವ ಇದ್ದಾಗಿಂದ ನಿಮ್ಮ ಜೋಡಿ ನನ್ನ ತಲ್ಯಾಗ ಕುಂತೈತಿ. ನಾನೂ ಆವತ್ತ ಅಲ್ಲೇ ಇದ್ನಿರಿ, ನಮ್ಮ ಅಪ್ಪನ ಹೆಗಲ ಮ್ಯಾಲ."

"ಅಲ್ಲಿ ಇದ್ರೇನು?" ಯಲ್ಲಪ್ಪ ನೆಟ್ಟಗೆ ಕೂತರು. "ಹಂಗಾದ್ರ ನೀವ ಹೇಳ್ರಿ. ಮೊದಲ ಕೈ ಕೊಟ್ಟಾಂವ ಯಾರು?"

ಮೌಲಾಸಾಬರೂ ಮುಂದೆ ಬಾಗಿದರು. ಐವತ್ತು ವರ್ಷದ ವ್ಯಾಜ್ಯ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಇನ್ನೊಂದು ಸುಳ್ಳು ಹೇಳಿದರೆ ಆ ಕ್ಷಣದಲ್ಲೇ ಒಂದು ಸಹಿ ಸಿಗುತ್ತಿತ್ತು. ಹೇಳಲು ಮನಸ್ಸು ಬರಲಿಲ್ಲ.

"ಆವಾಗ ನಾನು ಆ ಕಡೆ ಐಸ್‌ಕ್ಯಾಂಡಿ ಡಬ್ಬಿ ನೋಡಾಕತ್ತಿದ್ನಿರಿ" ಎಂದೆ. "ಈ ಕಡೆ ತಿರುಗೋದ್ರಾಗ ನೀವು ತೆಕ್ಕಿ ಬಿದ್ದಿದ್ರಿ."

ಮೌಲಾಸಾಬರು ಹೊರಸು ನಡುಗುವ ಹಾಗೆ ನಕ್ಕರು. ಯಲ್ಲಪ್ಪನವರಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಬಾಗಿಲಲ್ಲಿದ್ದ ಹಸೀನಾ ಸೆರಗು ಬಾಯಿಗಿಟ್ಟುಕೊಂಡಳು. ನಗೆ ನಿಂತ ಮೇಲೆ ಮೌಲಾಸಾಬರು ಕಣ್ಣೊರೆಸಿಕೊಂಡು, ಕಾಗದವನ್ನು ನೋಡುತ್ತ ಮೆಲ್ಲಗೆ ಹೇಳಿದರು.

"ಖರೇ ಹೇಳ್ತೇನಿ ಕೇಳು ಯಲ್ಲಪ್ಪಾ. ಮೊದಲ ಕೈ ಕೊಟ್ಟಾಂವ ನಾನ. ನಿನ್ನ ಎದಿ ನೋಡಿ ಹೆದರಿದ್ನಿ. ವಸ್ತಾದ ಬೈತಾನಂತ ಹೊರಗ ಹೇಳಲಿಲ್ಲ. ಕೊಡ ಇಲ್ಲಿ ಪೆನ್ನು, ನಾ ಮೊದಲ ಮಾಡ್ತೇನಿ."

"ಸುಳ್ಳ ಬೊಗಳಬ್ಯಾಡ ಮೌಲಾ" ಎಂದು ಯಲ್ಲಪ್ಪ ಪೆನ್ನಿನ ಮೇಲೆ ಅಂಗೈ ಇಟ್ಟರು. "ಹೆದರಿದಾಂವ ನಾನು. ನನ್ನ ಕಾಲು ನಡಗೂದು ನಿನಗ ಕಾಣಬಾರದಂತನ ಲಗೂನ ಕೈ ಚಾಚಿದ್ನಿ. ನಾ ಸಣ್ಣಾಂವ. ಕಾಗದ ಇತ್ತ ತಾ."

"ಬಿಡಲೇ!"

"ನೀ ಬಿಡಲೇ!"

ಅಯ್ಯೋ, ಹಪ್ಪಳ, ಹಪ್ಪಳ ಎಂದು ನಾನು ಕೂಗುವುದರೊಳಗೆ ಕಾಗದ ಪರ್ ಎಂದಿತು. ಮಡಿಕೆಯ ಮೇಲೆಯೇ ಹರಿದಿತ್ತು. ಮೌಲಾಸಾಬರ ಕೈಯಲ್ಲಿ ಯಲ್ಲಪ್ಪನ ಫೋಟೋ ಇದ್ದ ಅರ್ಧ. ಯಲ್ಲಪ್ಪನವರ ಕೈಯಲ್ಲಿ ಮೌಲಾಸಾಬನ ಫೋಟೋ ಇದ್ದ ಅರ್ಧ. ನನಗೆ ಅಳು ಬಂದದ್ದನ್ನು ಮುಚ್ಚಿಕೊಳ್ಳುವುದಿಲ್ಲ, ಬಂತು.

ಮೌಲಾಸಾಬರು ನನ್ನ ಕಡೆ ನೋಡಲೇ ಇಲ್ಲ. ಕೈಯಲ್ಲಿದ್ದ ಅರ್ಧವನ್ನು ತೊಡೆಯ ಮೇಲೆ ಹಾಸಿ, ಸವರಿ ಸವರಿ ನೆಟ್ಟಗೆ ಮಾಡಿದರು. ಆಮೇಲೆ ಅದನ್ನು ಎದುರಿನವರ ಮುಂದೆ ಹಿಡಿದರು.

"ಯಲ್ಲಪ್ಪಾ, ಇದರ ಮ್ಯಾಲ ನಿನ್ನ ಸಹಿ ಹಾಕು. ನನಗ ಬೇಕು."

ಯಲ್ಲಪ್ಪನವರು ಹಾಕಿದರು. ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ, ಸಾಲೆಯ ಹುಡುಗನ ಹಾಗೆ ಹಾಕಿದರು. ನಂತರ ತಮ್ಮ ಕೈಯಲ್ಲಿದ್ದ ಅರ್ಧವನ್ನು ಮುಂದೆ ಮಾಡಿದರು. "ಇದರ ಮ್ಯಾಲ ನಿಂದು. ನಾ ಒಯ್ಯಾಂವ." ಮೌಲಾಸಾಬರ ಕೈ ನಡುಗುವಾಗ ಯಲ್ಲಪ್ಪ ಅವರ ಮಣಿಕಟ್ಟು ಹಿಡಿದುಕೊಂಡಿದ್ದರು. ಮೊದಲ ಸಹಿ ಯಾರದಾಯಿತೆಂದು ಇಬ್ಬರಿಗೂ ನೆನಪಾಗಲಿಲ್ಲ. ನನಗೆ ನೆನಪಿತ್ತು, ಹೇಳಲಿಲ್ಲ.

ಇಬ್ಬರೂ ತಮ್ಮ ತಮ್ಮ ಕಾಗದ ಮಡಚಿ ಜೇಬಿಗೆ ಇಡುವುದರಲ್ಲಿದ್ದರು. ಹಸೀನಾ ನನ್ನನ್ನೇ ನೋಡುತ್ತಿದ್ದಳು. "ಮಾಂವಾ, ಇವರಿಗೇನ ಉಳೀತ್ರಿ?" ಎಂದು ಕೇಳಿದಳು.

ಪೈಲ್ವಾನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರೂ ಜೇಬಿನಿಂದ ಕಾಗದ ಮತ್ತೆ ಹೊರಗೆ ತೆಗೆದು ನನ್ನ ಮುಂದೆ ಹರವಿದರು. ಪೆನ್ನು ನನ್ನ ಕೈಗಿತ್ತವರು ಮೌಲಾಸಾಬರು.

"ಆವತ್ತ ನೋಡಲಿಲ್ಲ ನೀವು. ಇವತ್ತ ನೋಡೀರಲ್ಲ" ಎಂದರು. "ಎರಡರ ಮ್ಯಾಲೂ ಸಾಕ್ಷಿ ಅಂತ ನಿಮ್ಮ ಸಹಿ ಹಾಕ್ರಿ."

ಊರೂರು ತಿರುಗಿ ಸಹಿ ಬೇಡಿದವನು ನಾನು. ನನ್ನ ಸಹಿಯನ್ನು ಆಟದ ಕಾಗದದ ಮೇಲೆ ಯಾರೂ ಕೇಳಿರಲಿಲ್ಲ. ಹಾಕಲು ಹೋದೆ, ಕೈ ಅಲ್ಲಾಡಿ ಪೆನ್ನು ಎತ್ತಬೇಕಾಯಿತು. ಯಲ್ಲಪ್ಪನವರು ಬಗ್ಗಿ ನನ್ನ ಮಣಿಕಟ್ಟನ್ನೂ ಹಿಡಿದುಕೊಂಡರು.